ಹಾಡಿಗೆ ಹೆಸರಿಲ್ಲ, ನಿಮಿಷ ಮಾತ್ರ ಇದೆ

ಪ್ರಶ್ನೆ: 1998ರಲ್ಲಿ ವೈಟೂಕೆ (2000ನೇ ಇಸವಿಯ ಕಂಪ್ಯೂಟರ್ ದೋಷ ಸರಿಪಡಿಸುವ) ಕೆಲಸದ ಮೇಲೆ ಇಂಗ್ಲೆಂಡಿನ ರೀಡಿಂಗ್ ಊರಿನಲ್ಲಿ ಎಂಟು ತಿಂಗಳು ಇದ್ದೆ. ವಾಪಸ್ ಹೊರಟಾಗ ಜೊತೆಗಿದ್ದ ಗೆಳೆಯ ಒಂದು ಸಿ-90 ಕ್ಯಾಸೆಟ್ ರೆಕಾರ್ಡ್ ಮಾಡಿಕೊಟ್ಟ. ಎಷ್ಟೋ ವರ್ಷ ರಾತ್ರಿ ಅದನ್ನೇ ಹಾಕಿಕೊಂಡು ಮಲಗುತ್ತಿದ್ದೆ. ಆಮೇಲೆ ಕ್ಯಾಸೆಟ್, ಡೆಕ್ ಎರಡೂ ಅಟ್ಟ ಸೇರಿದವು. ಮೊನ್ನೆ ಧಾರವಾಡದ ಮನೆಗೆ ಸುಣ್ಣ ಹೊಡೆಸುವಾಗ ಸಿಕ್ಕಿತು. ಡೆಕ್ ರಿಪೇರಿ ಮಾಡಿಸಿ ಕೇಳಿದೆ. ಕಾರ್ಡಿನ ಮೇಲೆ ‘ಗ್ಲೋಬಲ್ ಕಮ್ಯುನಿಕೇಷನ್’ ಅಂತಿದೆ. ಹಾಡುಗಳ ಹೆಸರೇ ಇಲ್ಲ. 4 02, 14 31, 9 25 ಅಂತ ಬರೀ ನಿಮಿಷ, ಸೆಕೆಂಡು. ಬಿ ಬದಿಯ ಕೊನೆಯಲ್ಲಿ ಮಾತ್ರ ‘ಚಾಪ್ಟರ್‌ಹೌಸ್, ಡೆಲ್ಟಾ’ ಅಂತ ಬರೆದಿದ್ದಾನೆ. ಮಗಳು ಫೋನಿನಲ್ಲಿ ಆಲ್ಬಂ ಹುಡುಕಿಕೊಟ್ಟಳು. ಆದರೆ ಅದು ನಾನು ಕೇಳಿದ್ದಲ್ಲ. ನನ್ನ ಕ್ಯಾಸೆಟ್ಟಿನಲ್ಲಿ ಇರುವುದು ಇನ್ನೂ ನಿಧಾನ, ದನಿಯೂ ಸ್ವಲ್ಪ ಕೆಳಗೆ. ಎ ಬದಿಯ ಕೊನೆಯ ಹಾಡು ಮುಗಿಯುವ ಮೊದಲೇ ಕಟ್ ಆಗುತ್ತದೆ. ನನ್ನ ಹತ್ತಿರ ಇರುವುದು ಯಾವುದಾದರೂ ಅಪರೂಪದ ರೀಮಿಕ್ಸಾ? ಚಾಪ್ಟರ್‌ಹೌಸ್ ಅಂತ ಹುಡುಕಿದರೆ ಗಿಟಾರಿನ ಗದ್ದಲ ಬರುತ್ತದೆ. ಡೆಲ್ಟಾ ಎಲ್ಲೂ ಸಿಗುತ್ತಿಲ್ಲ.

ಉತ್ತರ: ಮೊದಲಿಗೆ ನಿಮ್ಮ ಗೆಳೆಯರ ಮೇಲಿರುವ ಆರೋಪ ತೆಗೆದುಹಾಕೋಣ. ಅವರು ಸೋಮಾರಿತನ ಮಾಡಿಲ್ಲ. ಕಾರ್ಡಿನಲ್ಲಿ ಬರೆದಿರುವ ನಿಮಿಷಗಳೇ ಆ ಹಾಡುಗಳ ಹೆಸರು. ಆಲ್ಬಮ್ಮಿನ ಹೆಸರೂ ಹಾಗೇ: ‘76:14’. ಒಟ್ಟು 76 ನಿಮಿಷ 14 ಸೆಕೆಂಡು ಇದೆ, ಅದಕ್ಕೇ ಆ ಹೆಸರು. ಕೇಳುವವರಿಗೆ ‘ಇದು ಸಮುದ್ರ’, ‘ಇದು ಮುಸ್ಸಂಜೆ’ ಅಂತ ಮೊದಲೇ ಚೀಟಿ ಅಂಟಿಸಿ ಕೊಡಬಾರದು, ಕಣ್ಣ ಮುಂದೆ ಏನು ಬರುತ್ತದೋ ಅದು ಅವರದ್ದೇ ಆಗಿರಲಿ ಅನ್ನುವುದು ಮಾಡಿದವರ ಆಸೆ. ಹುಡುಕುವವರಿಗೆ ಮಾತ್ರ ತಲೆನೋವು. ಕೆಲವು ಕಡೆ ನಡುವೆ ಎರಡು ಚುಕ್ಕೆ ಇರುತ್ತದೆ, ಕೆಲವು ಕಡೆ ಬರೀ ಜಾಗ ಬಿಟ್ಟಿರುತ್ತಾರೆ. ಎರಡೂ ಥರ ಹಾಕಿ ನೋಡಿ.

ಗ್ಲೋಬಲ್ ಕಮ್ಯುನಿಕೇಷನ್ ಅಂದರೆ ಇಬ್ಬರು, ಟಾಮ್ ಮಿಡಲ್‌ಟನ್ ಮತ್ತು ಮಾರ್ಕ್ ಪ್ರಿಚರ್ಡ್. ಇಂಗ್ಲೆಂಡಿನ ನೈರುತ್ಯ ಮೂಲೆಯ ಹುಡುಗರು. ಲಂಡನ್ನಿನ ಗಲಾಟೆಯಿಂದ ದೂರ, ಹಸು, ಹಸಿರು, ಸೇಬಿನ ತೋಟದ ಸಾಮರ್ಸೆಟ್ ಕಡೆ ಕೂತು ಕೆಲಸ ಮಾಡಿದವರು. ಮಿಡಲ್‌ಟನ್ ಅದಕ್ಕೂ ಮುಂಚೆ ಕಾರ್ನ್‌ವಾಲ್‌ನ ಇನ್ನೊಬ್ಬ ಹುಡುಗನ ಜೊತೆ ಸೇರಿ ಒಂದು ಟ್ರ್ಯಾಕ್ ಮಾಡಿದ್ದರು, 1991ರಲ್ಲಿ. ಆ ಹುಡುಗನನ್ನು ಲೋಕ ಆಮೇಲೆ ಏಫೆಕ್ಸ್ ಟ್ವಿನ್ ಅಂತ ಕರೆಯಿತು. ‘76:14’ ಬಂದದ್ದು 1994ರಲ್ಲಿ, ಡೆಡಿಕೇಟೆಡ್ ಅನ್ನುವ ಲೇಬಲ್ಲಿನಿಂದ. ಈ ಲೇಬಲ್ಲಿನ ಹೆಸರು ನೆನಪಿಟ್ಟುಕೊಳ್ಳಿ, ಚಾಪ್ಟರ್‌ಹೌಸ್ ಕಥೆಗೆ ಬೇಕಾಗುತ್ತದೆ.

ಈಗ ನಿಮ್ಮ ಮುಖ್ಯ ಅನುಮಾನ. ಕ್ಯಾಸೆಟ್ಟಿನಲ್ಲಿರುವುದು ನಿಧಾನ, ದನಿ ಕೆಳಗೆ, ಆದ್ದರಿಂದ ಅದು ಬೇರೆ ರೀಮಿಕ್ಸ್ ಇರಬೇಕು ಅಂತ. ನಿಮ್ಮ ಉತ್ಸಾಹಕ್ಕೆ ತಣ್ಣೀರು ಹಾಕುವುದು ಬೇಜಾರು, ಆದರೆ ಆ ‘ರೀಮಿಕ್ಸ್’ ಮಾಡಿದ್ದು ಒಂದು ಮೋಟಾರು ಅಂತ ನನಗನ್ನಿಸುತ್ತದೆ. ನೀವೇ ಪತ್ರದಲ್ಲಿ ಎರಡು ಸುಳಿವು ಕೊಟ್ಟಿದ್ದೀರಿ. ಎರಡೂ ಒಂದೇ ಕಡೆ ಬೆರಳು ತೋರಿಸುತ್ತವೆ.

ಲೆಕ್ಕ ಹಾಕೋಣ. ಆಲ್ಬಮ್ಮಿನಲ್ಲಿ ಹತ್ತು ತುಣುಕು. ಮೊದಲ ಐದು ಎ ಬದಿಗೆ ಬಂದಿರಬೇಕು: 4 02, 14 31, 9 25, 9 39, 7 39. ಕೂಡಿಸಿ, 45 ನಿಮಿಷ 16 ಸೆಕೆಂಡು ಆಗುತ್ತದೆ. ಸಿ-90ರ ಒಂದು ಬದಿಗೆ 45 ನಿಮಿಷ. ಹದಿನಾರು ಸೆಕೆಂಡು ಜಾಸ್ತಿ ಆಯಿತಲ್ಲ ಅನ್ನಬೇಡಿ. ಕ್ಯಾಸೆಟ್ ಮಾಡುವವರು ಸಾಮಾನ್ಯವಾಗಿ ಟೇಪನ್ನು ಸ್ವಲ್ಪ ಜಾಸ್ತಿಯೇ ಸುತ್ತಿರುತ್ತಾರೆ, ನಮ್ಮ ಹಾಲಿನವರು ಲೀಟರಿನ ಮೇಲೆ ಒಂದು ಕೊಸರು ಹಾಕುವ ಹಾಗೆ. ನಿಮ್ಮ ಗೆಳೆಯರಿಗೂ ಅದು ಗೊತ್ತಿತ್ತು. ಹಿಡಿಯುತ್ತದೆ ಅಂತಲೇ ಹಾಕಿದ್ದಾರೆ. ಆದರೂ ಹಿಡಿಯಲಿಲ್ಲ. ಯಾಕೆ?

ಕ್ಯಾಸೆಟ್ ಓಡಬೇಕಾದ ವೇಗ ಸೆಕೆಂಡಿಗೆ 4.76 ಸೆಂಟಿಮೀಟರ್. ಮನೆಗಳಲ್ಲಿದ್ದ ಡೆಕ್‌ಗಳು ಇದಕ್ಕಿಂತ ನೂರಕ್ಕೆ ಒಂದೋ ಎರಡೋ ಪಾಲು ಆಚೀಚೆ ಓಡುವುದು ಮಾಮೂಲು. ನಿಮ್ಮ ಗೆಳೆಯರ ಡೆಕ್ ನೂರಕ್ಕೆ ಎರಡರಷ್ಟು ಜೋರಾಗಿ ಓಡುತ್ತಿತ್ತು ಅಂತಿಟ್ಟುಕೊಳ್ಳಿ. ಆಗ ಎರಡು ಸಂಗತಿ ನಡೆಯುತ್ತವೆ. ಒಂದು, ಟೇಪ್ ಬೇಗ ಮುಗಿಯುತ್ತದೆ. 45 ನಿಮಿಷ 40 ಸೆಕೆಂಡಿನ ಟೇಪ್ ಇದ್ದರೆ 44 ನಿಮಿಷ 46 ಸೆಕೆಂಡಿಗೇ ಖಾಲಿ. ಅಂದರೆ 7 39ರ ಕೊನೆಯ ಅರ್ಧ ನಿಮಿಷ ಹೋಯಿತು. ಎರಡು, ಜೋರಾಗಿ ಓಡಿದ ಟೇಪಿನಲ್ಲಿ ಹಿಡಿದದ್ದನ್ನು ಸರಿಯಾದ ವೇಗದ ಡೆಕ್ಕಿನಲ್ಲಿ ಹಾಕಿದರೆ ಎಲ್ಲವೂ ನಿಧಾನವಾಗಿ, ಕೆಳಗಿನ ದನಿಯಲ್ಲಿ ಕೇಳುತ್ತದೆ. ನೀವು ಹೇಳಿದ್ದು ಇದನ್ನೇ ಅಲ್ವಾ?

ಇದನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಈ ಆಲ್ಬಂ ಅದಕ್ಕೆ ಹೇಳಿ ಮಾಡಿಸಿದಂತಿದೆ, ಯಾಕೆಂದರೆ ಹಾಡಿನ ಹೆಸರೇ ಅಳತೆಗೋಲು. 14 31 ಅಂದರೆ 871 ಸೆಕೆಂಡು. ನೂರಕ್ಕೆ ಎರಡು ನಿಧಾನ ಆದರೆ ಅದು 888 ಸೆಕೆಂಡು ಹಿಡಿಯುತ್ತದೆ, ಅಂದರೆ 14 ನಿಮಿಷ 48 ಸೆಕೆಂಡು. ಆದರೆ ಈ ಹಾಡುಗಳು ಎಲ್ಲೋ ಮೆಲ್ಲಗೆ ಹುಟ್ಟಿ ಎಲ್ಲೋ ಮೆಲ್ಲಗೆ ಕರಗುತ್ತವೆ. ಶುರು ಎಲ್ಲಿ, ಕೊನೆ ಎಲ್ಲಿ ಅಂತ ಕಿವಿಗೆ ಸಿಗುವುದು ಕಷ್ಟ. ಹಾಗಾಗಿ ಫೋನಿನಲ್ಲಿ ಕೇಳುತ್ತಾ ಹಾಡಿನೊಳಗೇ ಎರಡು ಗುರುತು ಮಾಡಿಕೊಳ್ಳಿ. ಹೊಸ ದನಿ ಥಟ್ಟನೆ ಬರುವ ಜಾಗ ಒಂದು, ಅದರಿಂದ ಹತ್ತು ನಿಮಿಷ ದೂರದ್ದು ಇನ್ನೊಂದು. ನಡುವಿನ ಸೆಕೆಂಡು ಎಣಿಸಿ. ಕ್ಯಾಸೆಟ್ಟಿನಲ್ಲಿ ಅದೇ ಎರಡು ಗುರುತಿನ ನಡುವೆ ಎಷ್ಟಿದೆ ನೋಡಿ. ಕ್ಯಾಸೆಟ್ಟಿನ ಸೆಕೆಂಡನ್ನು ಫೋನಿನ ಸೆಕೆಂಡಿನಿಂದ ಭಾಗಿಸಿದರೆ ತಪ್ಪು ಎಷ್ಟು ಅಂತ ಕರಾರುವಾಕ್ಕಾಗಿ ಗೊತ್ತಾಗುತ್ತದೆ.

ಇನ್ನೊಂದು ಕೆಲಸವನ್ನೂ ಮಾಡಿ. ರಿಪೇರಿಯಾದ ನಿಮ್ಮ ಡೆಕ್ಕೇ ಮೆಲ್ಲಗೆ ಓಡುತ್ತಿರಬಹುದು. ಅಂಗಡಿಯಲ್ಲಿ ಕೊಂಡ ಯಾವುದಾದರೂ ಹಳೆ ಕ್ಯಾಸೆಟ್ ಅದೇ ಡೆಕ್ಕಿಗೆ ಹಾಕಿ, ಫೋನಿನ ಜೊತೆ ಹೋಲಿಸಿ. ಅದು ಸರಿಯಾಗಿ ಹಾಡಿದರೆ ತಪ್ಪು ರೀಡಿಂಗ್‌ನ ಡೆಕ್ಕಿನದು. ಅದೂ ಎಳೆದರೆ ನಿಮ್ಮ ಡೆಕ್ಕಿನ ಬೆಲ್ಟ್ ನೋಡಿಸಿ. ಆಗಲೂ ಎ ಬದಿ ಕಟ್ ಆಗಿದ್ದಕ್ಕೆ ಬೇರೆ ಕಾರಣ ಹುಡುಕಬೇಕಾಗುತ್ತದೆ, ಹಾಗಾಗಿ ನನ್ನ ಪಂದ್ಯ ರೀಡಿಂಗ್ ಮೇಲೇ.

ನೂರಕ್ಕೆ ಎರಡು ಅಂದರೆ ಅರ್ಧ ಸ್ವರದ ಮೂರರಲ್ಲಿ ಒಂದು ಪಾಲು ಅಷ್ಟೇ. ಒಂದನ್ನೇ ಕೇಳುವಾಗ ಗೊತ್ತೇ ಆಗುವುದಿಲ್ಲ. ಪಕ್ಕಪಕ್ಕ ಇಟ್ಟರೆ ಮಾತ್ರ ‘ಇದು ನನ್ನದಲ್ಲ’ ಅನ್ನಿಸುತ್ತದೆ. ಇದು ನಿಮಗೊಬ್ಬರಿಗೇ ಆದದ್ದಲ್ಲ. ನಮ್ಮ ಮನೆಯ ಟೂ-ಇನ್-ಒನ್‌ನ ಬೆಲ್ಟ್ ಸಡಿಲವಾಗಿ, ಒಂದು ಭಾವಗೀತೆ ಕ್ಯಾಸೆಟ್ಟನ್ನು ಎರಡು ವರ್ಷ ಕೆಳಗಿನ ದನಿಯಲ್ಲೇ ಕೇಳಿದ್ದೆ. ಆಮೇಲೆ ಅದೇ ಹಾಡು ರೇಡಿಯೋದಲ್ಲಿ ಬಂದಾಗ ಅಮ್ಮ ಅಡುಗೆಮನೆಯಿಂದ, ‘ಇವತ್ತು ಇವರಿಗೆ ನೆಗಡಿ ವಾಸಿಯಾಗಿದೆ ನೋಡು’ ಅಂದಿದ್ದರು.

ಆದರೆ ನಿಮ್ಮ ಕ್ಯಾಸೆಟ್ಟಿನಲ್ಲಿ ನಿಜವಾದ ರೀಮಿಕ್ಸೂ ಇದೆ. ಒಂದಲ್ಲ, ಎರಡು.

ಮೊದಲನೆಯದು ನೀವು ಆಲ್ಬಮ್ಮಿನ ಹಾಡು ಅಂದುಕೊಂಡಿರುವ 14 31. ಗಡಿಯಾರದ ಟಿಕ್ ಟಿಕ್ ಇರುವುದು. ನಿದ್ದೆ ಬಾರದ ರಾತ್ರಿ ದೊಡ್ಡ ಹಜಾರದ ಗೋಡೆ ಗಡಿಯಾರ ಕೇಳಿದ ಹಾಗೆ. ಆ ಟಿಕ್ ಟಿಕ್ಕೇ ಅಲ್ಲಿ ತಾಳ. ಅದರ ಮೇಲೆ ಉದ್ದುದ್ದ ಸ್ವರಗಳು ಬಂದು ಕೂರುತ್ತವೆ, ಒಂದರ ಮೇಲೊಂದು ಹರಡುತ್ತವೆ, ಯಾವುದಕ್ಕೂ ಅವಸರ ಇಲ್ಲ. ಇದು ಮೊದಲು ಬಂದದ್ದು ಈ ಆಲ್ಬಮ್ಮಿನಲ್ಲಿ ಅಲ್ಲ. ಮಿಡಲ್‌ಟನ್, ಪ್ರಿಚರ್ಡ್ ಇಬ್ಬರೂ ಎವೊಲ್ಯೂಷನ್ ಅಂತ ತಮ್ಮದೇ ಸಣ್ಣ ಲೇಬಲ್ ನಡೆಸುತ್ತಿದ್ದರು. ಅದರಲ್ಲಿ ಮಿಸ್ಟಿಕ್ ಇನ್‌ಸ್ಟಿಟ್ಯೂಟ್ ಹೆಸರಿನ ಒಂದು ರೆಕಾರ್ಡ್ ಬಂತು. ಅದರ ಮೇಲೆ ‘ಆಬ್-ಸೆಲೋನ್ ಮಿ-ನೋಸ್’ ಅನ್ನುವ ಟ್ರ್ಯಾಕಿತ್ತು. ಪಕ್ಕದಲ್ಲಿ ರೀಮಿಕ್ಸ್ ಅಂತ ಬರೆದಿರಲಿಲ್ಲ. ‘ರೀಪೇಂಟೆಡ್ ಬೈ ಗ್ಲೋಬಲ್ ಕಮ್ಯುನಿಕೇಷನ್’ ಅಂತಿತ್ತು. ಹೊಸದಾಗಿ ಬಣ್ಣ ಬಳಿದಿದ್ದೇವೆ ಅಂತ. ಅದೇ ಆಮೇಲೆ ಹೆಸರು ಕಳಚಿಕೊಂಡು ಬರೀ 14 31 ಆಯಿತು. ಅಂದರೆ ಅವರ ಅತಿ ಹೆಚ್ಚು ಮೆಚ್ಚುಗೆ ಪಡೆದ ಹಾಡೇ ಹುಟ್ಟಿನಿಂದ ಒಂದು ರೀಮಿಕ್ಸ್.

ಎರಡನೆಯದು ನಿಮ್ಮ ಡೆಲ್ಟಾ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಏಕೆಂದರೆ ಇದನ್ನು ಕೇಳಿದವರು ತುಂಬ ಕಡಿಮೆ. ಜೊತೆಗೆ ನಿಮಗೆ ಗೊತ್ತಿಲ್ಲದ ಒಂದು ಊರಿನ ನಂಟೂ ಇದೆ.

ಬಿ ಬದಿಯ ಲೆಕ್ಕ ನೋಡಿ. ಉಳಿದ ಐದು ತುಣುಕು ಸೇರಿ ಸುಮಾರು 31 ನಿಮಿಷ. ಹದಿನಾಲ್ಕು ನಿಮಿಷ ಖಾಲಿ ಉಳಿಯಿತು. ಆ ಕಾಲದಲ್ಲಿ ಕ್ಯಾಸೆಟ್ ತುಂಬಿಸಿದ ಯಾರೇ ಆಗಲಿ, ಅಷ್ಟು ಟೇಪ್ ಸುಮ್ನೆ ಬಿಡುತ್ತಿರಲಿಲ್ಲ. ಏನಾದರೊಂದು ಹಾಕಲೇಬೇಕು. ನಿಮ್ಮ ಗೆಳೆಯರು ಹಾಕಿದ್ದು ಚಾಪ್ಟರ್‌ಹೌಸ್. ಆ ಬ್ಯಾಂಡ್ ರೀಡಿಂಗ್‌ನದ್ದೇ! ನೀವು ಎಂಟು ತಿಂಗಳು ಇದ್ದ ಊರಿನ ಹುಡುಗರು. ಅದೇ ಊರಿನಿಂದ ಸ್ಲೋಡೈವ್ ಅಂತ ಇನ್ನೊಂದು ಬ್ಯಾಂಡೂ ಬಂತು. ಚಾಪ್ಟರ್‌ಹೌಸ್‌ನ ‘ಪರ್ಲ್’ ಅನ್ನುವ ಹಾಡಿನಲ್ಲಿ ಹಿಂದಿನ ದನಿ ಸ್ಲೋಡೈವ್‌ನ ರೇಚಲ್ ಗಾಸ್‌ವೆಲ್ ಅವರದ್ದು. ಈ ಬಗೆಯ ಸಂಗೀತಕ್ಕೆ ಶೂಗೇಜ್ ಅಂತ ಹೆಸರು. ವೇದಿಕೆ ಮೇಲೆ ಗಿಟಾರಿಗೆ ಜೋಡಿಸಿದ ಹತ್ತಾರು ಪೆಡಲ್‌ಗಳನ್ನು ಕಾಲಿನಿಂದ ಒತ್ತಬೇಕು, ಹಾಗಾಗಿ ಹುಡುಗರು ತಲೆ ತಗ್ಗಿಸಿಕೊಂಡೇ ನಿಂತಿರುತ್ತಿದ್ದರು. ಪ್ರೇಕ್ಷಕರನ್ನು ನೋಡುವುದು ಬಿಟ್ಟು ತಮ್ಮ ಬೂಟು ನೋಡಿಕೊಳ್ಳುತ್ತಾರೆ ಅಂತ ಪತ್ರಿಕೆಯವರು ಇಟ್ಟ ಅಡ್ಡಹೆಸರು ಅದು. ನಿಮಗೆ ಫೋನಿನಲ್ಲಿ ಸಿಕ್ಕಿದ ಗಿಟಾರಿನ ಗದ್ದಲ ಇದೇ.

ಅವರ ಮೊದಲ ಆಲ್ಬಂ 1991ರಲ್ಲಿ ಬಂತು. ಎರಡನೆಯದು 1993ರಲ್ಲಿ, ‘ಬ್ಲಡ್ ಮ್ಯೂಸಿಕ್’. ಲೇಬಲ್ ಡೆಡಿಕೇಟೆಡ್. ಆಗ ಅಲ್ಲಿ ಒಂದು ರೂಢಿಯಿತ್ತು. ಗಿಟಾರ್ ಬ್ಯಾಂಡಿನ ಒಂದು ಹಾಡನ್ನು ಯಾರಾದರೂ ಡಾನ್ಸ್ ಸಂಗೀತದವರಿಗೆ ಕೊಡುವುದು. ಅವರು ಕೆಳಗಡೆ ಧಮ್ ಧಮ್ ಅಂತ ಡ್ರಮ್ ಕೂರಿಸಿ, ಹಾಡನ್ನು ಎರಡರಷ್ಟು ಉದ್ದ ಮಾಡಿ ವಾಪಸ್ ಕೊಡುವುದು. ಕ್ಲಬ್ಬುಗಳಲ್ಲೂ ಒಂದಿಷ್ಟು ಓಡಲಿ ಅಂತ. ನಿಜ ಹೇಳಬೇಕೆಂದರೆ ಇಂಥ ಹತ್ತು ರೀಮಿಕ್ಸಿನಲ್ಲಿ ಒಂಬತ್ತನ್ನು ಇವತ್ತು ಕೇಳೋಕಾಗಲ್ಲ.

ಚಾಪ್ಟರ್‌ಹೌಸ್ ಮಾತ್ರ ಇಡೀ ಆಲ್ಬಮ್ಮನ್ನೇ ಮಿಡಲ್‌ಟನ್, ಪ್ರಿಚರ್ಡ್ ಇಬ್ಬರ ಕೈಗೆ ಕೊಟ್ಟಿತು. ಅವರು ಹಾಡುಗಳನ್ನು ಬಿಡಿಸಿ, ದನಿಯ ತುಣುಕು, ಗಿಟಾರಿನ ತುಣುಕು ಆರಿಸಿಕೊಂಡು, ಹಾಡನ್ನೇ ಬಿಟ್ಟುಬಿಟ್ಟರು. ಉಳಿದದ್ದರಿಂದ ಐದು ಉದ್ದನೆಯ ತುಣುಕು ಕಟ್ಟಿದರು. ಆಲ್ಫಾ ಫೇಸ್, ಬೀಟಾ ಫೇಸ್, ಗಾಮಾ, ಡೆಲ್ಟಾ, ಎಪ್ಸಿಲಾನ್. ಒಟ್ಟಿಗೆ ಇಟ್ಟ ಹೆಸರು ‘ಪೆಂಟಮೆರಸ್ ಮೆಟಮಾರ್ಫಸಿಸ್’. ಪೆಂಟಮೆರಸ್ ಅನ್ನುವುದು ಸಸ್ಯಶಾಸ್ತ್ರದವರ ಮಾತು. ನಮ್ಮ ಅಂಗಳದ ದಾಸವಾಳದ ಹಾಗೆ ಐದೈದು ಭಾಗದಲ್ಲಿ ಅರಳುವ ಹೂವಿಗೆ ಹಾಗೆನ್ನುತ್ತಾರೆ. ಐದು ದಳದ ರೂಪಾಂತರ ಅಂದುಕೊಳ್ಳಿ.

ನೀವು ಧಾರವಾಡದವರು, ಕೌದಿ ಗೊತ್ತಿರುತ್ತದೆ. ಅಜ್ಜಿಯ ಹಳೆ ಸೀರೆ, ಹರಿದ ಧೋತರ, ಯಾರದೋ ಲಂಗದ ಚೂರು, ಎಲ್ಲ ಸೇರಿಸಿ ಹೊಲಿದ ಹೊದಿಕೆ. ಕೌದಿಯನ್ನು ಯಾರೂ ಸೀರೆ ಅನ್ನುವುದಿಲ್ಲ. ಆದರೆ ಬೆಳಕಿಗೆ ಹಿಡಿದು ನೋಡಿದರೆ ಒಂದು ಮೂಲೆಯಲ್ಲಿ ಇಳಕಲ್ ಸೆರಗಿನ ತುದಿ ಕಾಣುತ್ತದೆ. ಈ ಐದು ತುಣುಕುಗಳೂ ಹಾಗೇ. ‘ಬ್ಲಡ್ ಮ್ಯೂಸಿಕ್’ ಒಮ್ಮೆ ಕೇಳಿ, ಆಮೇಲೆ ಇದನ್ನು ಕೇಳಿ. ಎಲ್ಲೋ ನಡುವೆ ಒಂದು ಎಳೆ ಸಿಕ್ಕಿ, ಅರೆ, ಇದು ಅಲ್ಲಿಯದಲ್ವಾ ಅನ್ನಿಸುತ್ತದೆ. ಹಿಡಿಯಲು ಹೋದರೆ ಇರುವುದಿಲ್ಲ.

ಇದು ಯಾಕೆ ಅಷ್ಟು ಜನಕ್ಕೆ ಗೊತ್ತಾಗಲಿಲ್ಲ ಅಂದರೆ, 1993ರಲ್ಲಿ ಇದನ್ನು ಬೇರೆಯಾಗಿ ಮಾರಲಿಲ್ಲ. ‘ಬ್ಲಡ್ ಮ್ಯೂಸಿಕ್’ ಜೊತೆ ಸೀಮಿತ ಪ್ರತಿಗಳಲ್ಲಿ ಎರಡನೇ ಡಿಸ್ಕ್ ಅಂತ ಇಟ್ಟರು. ಕೊಂಡವರು ಗಿಟಾರಿನ ಅಭಿಮಾನಿಗಳು. ಈ ಸಂಗೀತ ಬೇಕಾಗಿದ್ದವರಿಗೆ ಅದು ಅಲ್ಲಿದೆ ಅಂತಲೇ ಗೊತ್ತಿಲ್ಲ. ಬೇರೆಯಾಗಿ ಬಂದದ್ದು 1998ರಲ್ಲಿ. ಹೌದು, ನೀವು ರೀಡಿಂಗ್‌ನಲ್ಲಿದ್ದ ವರ್ಷ. ನಿಮ್ಮ ಗೆಳೆಯರು ಆಗಷ್ಟೇ ಅಂಗಡಿಯಿಂದ ತಂದಿರಬಹುದು ಅಂತ ನನ್ನ ಊಹೆ. ‘ಬ್ಲಡ್ ಮ್ಯೂಸಿಕ್’ ಬಂದ ಮರುವರ್ಷವೇ, ಅಂದರೆ 1994ರಲ್ಲಿ, ಅದೇ ಡೆಡಿಕೇಟೆಡ್ ‘76:14’ ತಂದಿತು. ಹಾಗೆ ನೋಡಿದರೆ ನಿಮ್ಮ ಕ್ಯಾಸೆಟ್ಟಿನ ಕೊನೆಯ ಹಾಡೇ ಅದಕ್ಕೂ ಮುಂಚೆ ಬರುವ ಆಲ್ಬಮ್ಮಿನ ಅಣ್ಣ.

ಹುಡುಕುವಾಗ ಚಾಪ್ಟರ್‌ಹೌಸ್ ಅಂತಷ್ಟೇ ಹಾಕಬೇಡಿ. ಮೂಲ ಹಾಡುಗಳ ಹೆಸರೂ ಉಪಯೋಗಕ್ಕೆ ಬರುವುದಿಲ್ಲ, ಯಾಕೆಂದರೆ ಅವನ್ನು ಅವರು ಉಳಿಸಿಕೊಂಡೇ ಇಲ್ಲ. ಆಲ್ಬಮ್ಮಿನ ಪೂರ್ತಿ ಹೆಸರು ಹಾಕಿ. ಇಲ್ಲದಿದ್ದರೆ ಡೆಲ್ಟಾ ಫೇಸ್ ಅಂತ ಹಾಕಿ, ಜೊತೆಗೆ ಎರಡು ಬ್ಯಾಂಡಿನ ಹೆಸರನ್ನೂ ಒಂದಾದ ಮೇಲೊಂದು ಸೇರಿಸಿ ನೋಡಿ. ರೀಮಿಕ್ಸ್ ಆಲ್ಬಂಗಳು ಮೂಲ ಬ್ಯಾಂಡಿನ ಹೆಸರಿನಲ್ಲಿರುತ್ತವೋ ರೀಮಿಕ್ಸ್ ಮಾಡಿದವರ ಹೆಸರಿನಲ್ಲಿರುತ್ತವೋ ಅನ್ನುವುದಕ್ಕೆ ನೇಮವಿಲ್ಲ. ಹಳೆ ಸೀಡಿ ಮಾರುವವರ ಹತ್ತಿರವೂ ಎರಡೂ ಹೆಸರಿನ ಖಾನೆ ತಡಕಬೇಕು.

ಮುಂದೇನು ಕೇಳಲಿ ಅಂತ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. 1995ರಲ್ಲಿ ಬಂದ ‘ರಿಮೋಷನ್’ ಇವರ ರೀಮಿಕ್ಸುಗಳ ಸಂಗ್ರಹ. ಬಣ್ಣ ಬಳಿಯುವ ಕೆಲಸ ಇಷ್ಟವಾದರೆ ಅದು. ಲ್ಯಾಂಬ್ ಅನ್ನುವ ಜೋಡಿಯ ‘ಗೊರೆಕಿ’ ಹಾಡಿಗೂ ಇವರು ರೀಮಿಕ್ಸ್ ಮಾಡಿದ್ದಾರೆ. ನಿಮ್ಮ ಬಿ ಬದಿಯ 5 23 ಇಷ್ಟವಾಗಿದ್ದರೆ ಅದರದ್ದೇ ಉದ್ದನೆಯ ರೂಪಗಳು ‘ಮೇಡನ್ ವಾಯೇಜ್’ ಹೆಸರಿನಲ್ಲಿವೆ. ಅದನ್ನು ಕೇಳಿದಾಗೆಲ್ಲ ನನಗೆ ಜರ್ಮನಿಯ ಟ್ಯಾಂಜರೀನ್ ಡ್ರೀಮ್ ಬ್ಯಾಂಡ್ ನೆನಪಾಗುತ್ತದೆ. ಇಬ್ಬರೂ ರೀಲೋಡ್, ಜೆಡೈ ನೈಟ್ಸ್ ಅಂತ ಬೇರೆ ಬೇರೆ ಹೆಸರಿನಲ್ಲೂ ಸಂಗೀತ ಮಾಡಿದ್ದಾರೆ. ಆದರೆ ಜೆಡೈ ನೈಟ್ಸ್ ಹಾಕಿಕೊಂಡು ಮಲಗಲು ಹೋಗಬೇಡಿ, ಅದು ಕುಣಿಸುವ ಸಂಗೀತ. ಮಿಡಲ್‌ಟನ್ ಈಚೆಗೆ ನಿದ್ದೆಗೆಂದೇ ಸಂಗೀತ ಮಾಡುತ್ತಿದ್ದಾರೆ. ನೀವು ಆ ಕೆಲಸಕ್ಕೆ ಅವರನ್ನು ಆಗಲೇ ಹಿಡಿದಿದ್ದಿರಿ.

ನಿಮ್ಮ ಹಾಗೆ ಹಿಂದೂಸ್ತಾನಿ ಕೇಳಿ ಬೆಳೆದ ಕಡೆಯವರು ಇದನ್ನು ಆಲಾಪದ ಜೊತೆ ಹೋಲಿಸುವುದುಂಟು. ನಾನು ಒಪ್ಪುವುದಿಲ್ಲ. ಆಲಾಪದಲ್ಲಿ ಒಬ್ಬ ಮನುಷ್ಯ ಒಂದೊಂದೇ ಸ್ವರಕ್ಕೆ ಮೆಟ್ಟಿಲು ಹತ್ತುತ್ತಾನೆ, ನಾವು ಜೊತೆಗೆ ಹತ್ತಬೇಕು, ಕಿವಿ ಎಚ್ಚರವಾಗಿರಬೇಕು. ಇದರಲ್ಲಿ ಹಾಗೇನಿಲ್ಲ. ಈ ಬಗೆಯ ಸಂಗೀತಕ್ಕೆ ಆಂಬಿಯೆಂಟ್ ಅನ್ನುವ ಹೆಸರನ್ನು 1978ರಲ್ಲಿ ಬಳಕೆಗೆ ತಂದ ಬ್ರಯನ್ ಈನೋ ಬಯಸಿದ್ದೇ ಅದನ್ನು: ಕಿವಿಗೊಟ್ಟು ಕೇಳಿದರೂ ಸರಿ, ಕೇಳದೆ ಬಿಟ್ಟರೂ ಸರಿ ಅನ್ನುವಂಥ ಸಂಗೀತ. ತಂಬೂರಿಯನ್ನು ಮಾತ್ರ ಒಂದು ಗಂಟೆ ಕೇಳಿದರೆ ಹೇಗೋ, ಅದಕ್ಕೆ ಹತ್ತಿರ.

ಕೊನೆಗೆ ಕ್ಯಾಸೆಟ್ಟಿನ ವಿಚಾರ. ಇನ್ನು ಅದನ್ನು ಪದೇಪದೇ ಹಾಕಬೇಡಿ. ಸಿ-90ರ ಟೇಪ್ ಸಿ-60ಕ್ಕಿಂತ ತೆಳು, ವರ್ಷಗಟ್ಟಲೆ ಅಟ್ಟದ ಸೆಕೆ ಬೇರೆ ತಿಂದಿದೆ. ಮೊದಲು ಡೆಕ್ಕಿನ ಹೆಡ್ ಮತ್ತು ರಬ್ಬರ್ ರೋಲರನ್ನು ಶುದ್ಧ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಒರೆಸಿ. ಕ್ಯಾಸೆಟ್ಟನ್ನು ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಓಡಿಸಿ, ಅಂಟಿಕೊಂಡಿರುವ ಸುತ್ತು ಬಿಡುತ್ತದೆ. ಆಮೇಲೆ ಡೆಕ್ಕಿನ ಲೈನ್ ಔಟ್‌ನಿಂದ ಕಂಪ್ಯೂಟರಿಗೆ ವೈರ್ ಹಾಕಿ, ಆಡಾಸಿಟಿ ಥರದ ಉಚಿತ ಸಾಫ್ಟ್‌ವೇರಿನಲ್ಲಿ ಒಂದೇ ಸಲಕ್ಕೆ ಎರಡೂ ಬದಿ ಹಿಡಿದುಬಿಡಿ. ಹಿಸ್ ಸದ್ದು ತೆಗೆಯುವ ಗುಂಡಿ ಒತ್ತಬೇಡಿ. ಈ ಸಂಗೀತದಲ್ಲಿ ಅರ್ಧಕ್ಕರ್ಧ ಹಿಸ್ಸಿನ ಹಾಗೆಯೇ ಇರುತ್ತದೆ, ಸಾಫ್ಟ್‌ವೇರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಎರಡು ಫೈಲ್ ಮಾಡಿ. ಒಂದರಲ್ಲಿ ವೇಗ ಸರಿಮಾಡಿ. ಟೆಂಪೊ ಬದಲಿಸುವ ಆಯ್ಕೆ ಬೇಡ, ಅದು ದನಿಯನ್ನು ಹಾಗೇ ಬಿಡುತ್ತದೆ. ಸ್ಪೀಡ್ ಬದಲಿಸುವುದನ್ನು ತೆಗೆದುಕೊಳ್ಳಿ, ಅಳತೆ ಮಾಡಿದಾಗ ಬಂದ ಅಂಕಿ ಹಾಕಿ. ಆಗ ವೇಗ, ದನಿ ಎರಡೂ ಒಟ್ಟಿಗೆ ಮೇಲೆ ಬರುತ್ತವೆ. ಅದನ್ನು ಫೋನಿನದರ ಪಕ್ಕ ಇಟ್ಟು ನೋಡಿ, ನನ್ನ ಮಾತು ಸರಿಯೋ ತಪ್ಪೋ ಗೊತ್ತಾಗುತ್ತದೆ. ಇನ್ನೊಂದನ್ನು ಮುಟ್ಟಬೇಡಿ. ಕೆಳಗಿನ ದನಿ, 7 39ರ ಕಟ್, ಎಲ್ಲ ಹಾಗೇ ಇರಲಿ. ರಾತ್ರಿ ಮಲಗುವಾಗ ನಿಮಗೆ ಬೇಕಾಗುವುದು ಅದೇ ಅಂತ ನನಗೆ ಗೊತ್ತು.

ಮತ್ತೆ, ಇದನ್ನೆಲ್ಲ ಮಾಡುವ ಮೊದಲು ಕ್ಯಾಸೆಟ್ಟಿನ ಮೇಲಂಚಿನ ಎರಡು ಮೂಲೆ ನೋಡಿ. ಪುಟ್ಟ ಪ್ಲಾಸ್ಟಿಕ್ ಕಿವಿಗಳು ಇನ್ನೂ ಇದ್ದರೆ ಸ್ಕ್ರೂಡ್ರೈವರ್ ತುದಿಯಿಂದ ಮುರಿದುಬಿಡಿ, ಆಗ ಅದರ ಮೇಲೆ ಬೇರೇನೂ ರೆಕಾರ್ಡ್ ಆಗುವುದಿಲ್ಲ. ಮಗಳು ಕ್ಯಾಸೆಟ್ ಡೆಕ್ ಮುಟ್ಟುತ್ತಿರುವುದು ಇದೇ ಮೊದಲು, ಕೆಂಪು ಗುಂಡಿ ಯಾತಕ್ಕೆ ಅಂತ ಅವಳಿಗೇನು ಗೊತ್ತು.